ಮೇಲಿನ ತಟ್ಟೆ

“ಯಾರನ್ನ ಕೇಳಿ ಇದರ ಬಾಗಿಲು ತೆಗೆದ್ರಿ?”

ಬೂಷ್ಟು ಬೆಳೆಸಿ ನೋಡುವ ಇನ್‌ಕ್ಯುಬೇಟರ್ ಪೆಟ್ಟಿಗೆಗೆ ವಿಭೂತಿ, ಕುಂಕುಮ, ಚೆಂಡುಹೂವಿನ ಹಾರ. ಆಸ್ಪತ್ರೆಯ ಲ್ಯಾಬಿನ ಯಶೋಧರಾಗೆ ಮೈಯೆಲ್ಲ ಉರಿದುಹೋಯಿತು. ಆಯುಧಪೂಜೆಗೆಂದು ಒಂದು ದಿನ ಮನೆಯಲ್ಲಿದ್ದದ್ದೇ ತಪ್ಪಾಯಿತು.

“ವರ್ಸಕ್ಕೊಂದು ಅಬ್ಬ ಮೇಡಮ್ಮೋರೆ, ಅನ್ನ ಕೊಡೋ ಮಿಸಿನ್ನು,” ಎಂದರು ಅಟೆಂಡರ್ ಚಂದ್ರಯ್ಯ. “ಆಪರೇಷನ್ ರೂಮು ತೊಳೆಯೋ ಔಸ್ದೀಲೇ ಒಳಗೆಲ್ಲ ಒರ್ಸಿವ್ನಿ. ನಿಮ್ಮ ತಟ್ಟೆ ಮಾತ್ರ ಮುಟ್ಟಿಲ್ಲ.”

ಆ ತಟ್ಟೆಗಳಲ್ಲಿ ಇದ್ದದ್ದು ಹಳೇಕೋಟೆಯ ಲಕ್ಕಯ್ಯನ ಕಣ್ಣು ಎಂದರೂ ಸರಿಯೇ. ಸಕ್ಕರೆ ಕಾಯಿಲೆಯವನ ಮೂಗಿಗೆ ಹತ್ತಿದ ಬೂಷ್ಟು ಎಡಗಣ್ಣಿನ ಬುಡಕ್ಕೆ ಬಂದಿತ್ತು. ಯಾವ ಔಷಧಿಗೂ ಜಗ್ಗಿರಲಿಲ್ಲ. ಎರಡು ಔಷಧಿ ಕೂಡಿಸಿದರೆ ಸತ್ತೀತೇ? ಅವನ ಮೂಗಿನಿಂದ ತೆಗೆದ ಬೂಷ್ಟನ್ನು ಯಶೋಧರಾ ನಾಲ್ಕು ತಟ್ಟೆಗಳಿಗೆ ಬಿತ್ತಿ ಒಂದರ ಮೇಲೊಂದು ಇಟ್ಟಿದ್ದಳು. ತಳದ್ದಕ್ಕೆ ಔಷಧಿಯಿಲ್ಲ, ಅಲ್ಲಿ ಬೂಷ್ಟು ಹುಲುಸಾಗಿ ಬೆಳೆಯಬೇಕು. ನಡುವಿನವಕ್ಕೆ ಒಂದೊಂದು ಔಷಧಿ. ಮೇಲಿನದಕ್ಕೆ ಎರಡೂ. ಮೇಲಿನ ತಟ್ಟೆ ಖಾಲಿ ಉಳಿದರೆ ಕಣ್ಣು ಉಳಿದಂತೆ. ಇಲ್ಲವಾದರೆ ಇವತ್ತೇ ಕಣ್ಣು ತೆಗೆಯುವ ಆಪರೇಷನ್.

ಹೂವಿನ ಧೂಳೋ ಧೂಪದ ಬೂದಿಯೋ ಬೇರೆ ಬೂಷ್ಟನ್ನು ಒಳಗೆ ತಂದಿದ್ದರೆ? ಮತ್ತೆ ಬಿತ್ತಿ ಕಾಯುವಷ್ಟು ಸಮಯ ಲಕ್ಕಯ್ಯನಿಗೆ ಇರಲಿಲ್ಲ. ಅವಳಿಗೆ ನಿಜಕ್ಕೂ ಭಯವಾಯಿತು.

ಬಾಗಿಲು ತೆಗೆದಳು. ಗಾಟು ಬಡಿದು ಕಣ್ಣು ಚುರುಗುಟ್ಟಿತು. ಹಾಳು ಧೂಪ ಎಂದು ಬೈದುಕೊಂಡೇ ಮೇಲಿನ ತಟ್ಟೆಯನ್ನು ಬೆಳಕಿಗೆ ಹಿಡಿದಳು.

ಒಂದು ಚುಕ್ಕೆಯೂ ಇಲ್ಲ! ತಕ್ಷಣ ವಾರ್ಡಿಗೆ ಫೋನ್ ಮಾಡಿದಳು.

“ಹಾಗಾದ್ರೆ ಆಪರೇಷನ್ ಬೇಡ,” ಎಂದರು ಡಾಕ್ಟರು. “ಎರಡೂ ಔಷಧಿ ಈಗಲೇ ಶುರು ಮಾಡ್ತೀವಿ.”

ಹೊರಗೆ ಬೆಂಚಿನ ಮೇಲೆ ಲಕ್ಕಯ್ಯನ ಮಗ ನಟರಾಜು ಕೂತಿದ್ದ.

“ಸತ್ತೋಯ್ತಾ ಮೇಡಂ?”

“ಸತ್ತಿದೆ ನಟರಾಜು. ನಿಮ್ಮಪ್ಪನ ಕಣ್ಣು ಉಳೀತು.”

ಅವನು ಎದ್ದು ಕೈ ಮುಗಿದ. “ಅಪ್ಪಂಗೆ ಯೋಳ್ಬುಟ್ಟು ಬತ್ತೀನಿ,” ಎಂದು ವಾರ್ಡಿನ ಕಡೆ ಓಡಿದ.

ಚಂದ್ರಯ್ಯನವರು ಪೂಜೆಯ ಕಡ್ಲೆಪುರಿ ತಂದುಕೊಟ್ಟರು. “ನೋಡಿದ್ರಾ, ದೇವ್ರು ಕೈ ಬಿಡ್ನಿಲ್ಲ.” ರೇಗಿದ್ದಕ್ಕೆ ನಾಚಿಕೆಯಾಗಿ ಯಶೋಧರಾ ಒಂದು ಹಿಡಿ ಬಾಯಿಗೆ ಹಾಕಿಕೊಂಡಳು. ರಿಪೋರ್ಟಿಗೆ ಉಳಿದವುಗಳ ಫೋಟೋ ಬೇಕಿತ್ತು. ಮತ್ತೆ ಬಾಗಿಲು ತೆಗೆದು ತಳದ ತಟ್ಟೆಯನ್ನು ಎತ್ತಿಕೊಂಡಳು. ಕಣ್ಣು ಇನ್ನೂ ಉರಿಯುತ್ತಿತ್ತು; ಆ ಗಾಟು ಧೂಪದ್ದಲ್ಲ, ಆಪರೇಷನ್ ರೂಮು ತೊಳೆಯುವ ಔಷಧಿಯದು.

ಔಷಧಿಯನ್ನೇ ಹಾಕದ ಆ ತಟ್ಟೆಯಲ್ಲೂ ಒಂದು ಚುಕ್ಕೆ ಬೂಷ್ಟಿರಲಿಲ್ಲ.