ಅಜ್ಜಿ ಕೈ ಎತ್ತಿದ ಮಧ್ಯಾಹ್ನ

ಹೊಸ ಗೋಣಿಚೀಲದ ಘಾಟು ಮೂಗಿಗೆ ಬಡಿದರೆ ಈಗಲೂ ನನಗೆ ಹುಮನಾಬಾದಿನ ಆ ಮಧ್ಯಾಹ್ನವೇ ನೆನಪಾಗುತ್ತದೆ.

ರೈತರ ಸಹಕಾರ ಸಂಘದ ಮೊದಲ ಸಭೆ ಅದು. ಬಸವಕಲ್ಯಾಣದ ಕೋಟೆಯ ಅರಸು ಮನೆತನದ ಸಾಹೇಬರೇ ಅಧ್ಯಕ್ಷರು. ಎಲ್ಲರೂ ನೆಲದ ಮೇಲೆ ಗೋಣಿ ಹಾಸಿ ಕೂತಿದ್ದರು. ಸಾಹೇಬರೂ ಕುರ್ಚಿ ಸರಿಸಿ ಗೋಣಿಯ ಮೇಲೆಯೇ ಕೂತರು. ಸದಸ್ಯರಲ್ಲಿ ಹೆಂಗಸೆಂದರೆ ನಮ್ಮ ಅಜ್ಜಿ ಒಬ್ಬಳೇ. ನಾನು ಅವಳ ಸೆರಗು ಹಿಡಿದಿದ್ದೆ.

“ಕೋಟ್ಯಾಗಿನ ನಮ್ಮ ಕುದರಿಲಾಯನೇ ಸಂಘದ ಗೋದಾಮು ಮಾಡೂಣು. ಒಪ್ಪಿದವರು ಹಿಂಗ ಕೈ ಎತ್ರಿ” ಎಂದು ಸಾಹೇಬರು ಕೈ ಎತ್ತಿ ತೋರಿಸಿದರು.

ಆ ಕೈ ಮೇಲೇರಿದ್ದೇ ತಡ, ಸಭೆಗೆ ಸಭೆಯೇ ಎದ್ದು ನಿಂತು, ನಡು ಬಗ್ಗಿಸಿ ಸಲಾಮು ಮಾಡಿತು.

“ಸಲಾಮ್ ಬ್ಯಾಡ್ರಪಾ, ನಿಮ್ಮ ರಾಯ್ ಬೇಕು, ನಿಮ್ಮ ಮನಸ್ಸಿನ್ಯಾಗಿನ ಅಭಿಪ್ರಾಯ” ಎಂದು ಸಾಹೇಬರು ಹಣೆ ಒತ್ತಿಕೊಂಡರು. “ಇಲ್ಲಿ ನಂದೂ ಒಂದೇ ಕೈ, ನಿಮ್ದೂ ಒಂದೇ. ಬ್ಯಾಡ ಅನ್ನೋರು ಯಾರರೆ ಅದಾರೇನು?”

ಎಲ್ಲರೂ ಮತ್ತೆ ಗೋಣಿಯ ಮೇಲೆ ಕೂತರು. ಅಜ್ಜಿ ಬಳೆ ಹಿಂದಕ್ಕೆ ಸರಿಸಿ ಕೈ ಎತ್ತಿದಳು.

“ಆಯಿ, ಕೈ ಇಳಸು” ಎಂದು ಪಕ್ಕದವನು ಪಿಸುಗುಟ್ಟಿದ. ಅವಳು ಇಳಿಸಲಿಲ್ಲ.

“ಮಳ್ಯಾಗ ನಮ್ಮ ಬಂಡಿ ಕಲ್ಯಾಣ ಮುಟ್ಟೂದಿಲ್ರಿ ಸಾಹೇಬ್ರ. ಗೋದಾಮು ಇಲ್ಲೇ, ರೋಡಿನ ಬಾಜೂಕ ಬೇಕ್ರಿ.”

ಸಾಹೇಬರು ಗುಮಾಸ್ತನ ಕಡೆ ತಿರುಗಿ, “ಬರಕೋರಿ, ಇಲ್ಲೇ ಬೇಕಂತ ಒಂದು ಕೈ” ಎಂದರು.

ಆಮೇಲೆ ಹಿಂದಿನ ಸಾಲಿನಲ್ಲಿ ಇನ್ನೊಂದು ಕೈ ಎದ್ದಿತು, ಬಾಗಿಲ ಬಳಿ ಮತ್ತೆರಡು. ಎಲ್ಲರ ಕೈಗಳೂ ಎದ್ದ ಮೇಲೆ ಕೊನೆಗೆ ಸಾಹೇಬರ ಕೈ ಎದ್ದಿತು.

ಈ ಸಲ ಯಾರೂ ಸಲಾಮು ಮಾಡಲಿಲ್ಲ.