ನೀಲಿ ಗೆರೆ

ಮೈಯಲ್ಲಿ ಕೊಬ್ಬು ಕೂಡಿಡುವ ಕಿಣ್ವವನ್ನು ಮನುಷ್ಯರು ಕಳೆದುಕೊಳ್ಳುತ್ತಿದ್ದ ಕಾಲವದು. ರಕ್ತದ ಹನಿ ಬಿದ್ದ ಪರೀಕ್ಷೆಯ ಪಟ್ಟಿಯಲ್ಲಿ ನೀಲಿ ಗೆರೆ ಮೂಡಿದರಷ್ಟೇ ಕೂಸಿಗೆ ಹೆಸರಿಡುತ್ತಿದ್ದರು. ಮೂಡದ ಕೂಸು ತಿಂಗಳು ದಾಟುತ್ತಿರಲಿಲ್ಲ. ಆ ಕಿಣ್ವವನ್ನು ಗುರುತಿಸಿ ಗೆರೆ ಮೂಡಿಸುವ ಪ್ರತಿಕಾಯ ಬರುತ್ತಿದ್ದುದು ಬಾಳವ್ವನ ಆಡಿನ ರಕ್ತದಿಂದ.

ಇಂದು ತೊಟ್ಟಿಲಲ್ಲಿದ್ದವಳು ಅವಳದೇ ಮೊಮ್ಮಗಳು. ಎರಡನೆಯ ಪಟ್ಟಿಯೂ ಬೆಳ್ಳಗೇ ಉಳಿಯಿತು.

“ಪಟ್ಟಿ ಕೆಟ್ಟಾವ್ರೀ, ಬಾಯಾರ,” ಎಂದಳು ಬಾಳವ್ವ, ಪಟ್ಟಿ ಹಿಡಿದಿದ್ದ ನರ್ಸಿಗೆ.

“ನನ್ನ ಆಡು ಸುಳ್ಳು ಹೇಳೂದಿಲ್ಲ ಅಂತ ಊರ ತುಂಬ ಹೇಳಾಕಿ ನೀನ ಅಲ್ಲೇನ ಆಯಿ?” ನರ್ಸು ಮೆಲ್ಲಗೆ ಕೇಳಿದಳು.

ಬಾಳವ್ವ ಅವಳ ಕೈಯ ಸೂಜಿ ಕಸಿದು ತನ್ನ ಬೆರಳಿಗೇ ಚುಚ್ಚಿಕೊಂಡು, ಹನಿಯನ್ನು ಇನ್ನೊಂದು ಪಟ್ಟಿಗೆ ಒತ್ತಿದಳು. “ಶಿವನೇ, ನನಗೂ ಮೂಡಬ್ಯಾಡ. ಪಟ್ಟಿನೇ ಕೆಟ್ಟಿರಲಿ.”

ಎಪ್ಪತ್ತರ ಆ ಹಳೆಯ ರಕ್ತದಲ್ಲಿ ಗೆರೆ ದಟ್ಟವಾಗಿ ಮೂಡಿತು.

ಹೆಸರಿಡುವ ಹಾಡು ಹಾಡಲು ಬಂದಿದ್ದ ಹೆಂಗಸರು ಒಬ್ಬೊಬ್ಬರಾಗಿ ಎದ್ದರು. ಕೂಸನ್ನು ಕರೆಯಲು ಹೆಸರಿಲ್ಲದೆ, ಬಾಳವ್ವ ತೊಟ್ಟಿಲನ್ನಷ್ಟೇ ತೂಗಿದಳು.