ಒಂದೇ ಬಟ್ಟಲಿನ ಕೈತುತ್ತು

ಮಕ್ಕಳು ಹಸಿದ ಮುಖ ಮಾಡಿದರೆ ನೀಲವ್ವಜ್ಜಿಗೆ ತಡೆಯುತ್ತಿರಲಿಲ್ಲ... ಅದು ಯಾರ ಮಕ್ಕಳಾದರೂ ಸರಿ!

ಹುಬ್ಬಳ್ಳಿ ಕಡೆಯ ಒಂದು ಆಸ್ಪತ್ರೆ. ಗಂಟಲು ಬಾತು, ಮೈತುಂಬ ಕೆಂಪು ದದ್ದು ಏಳುವ ಸ್ಕಾರ್ಲೆಟ್ ಜ್ವರದ ಮಕ್ಕಳ ವಾರ್ಡು. ಮೊಮ್ಮಗಳು ಸಿಂಚನಾಳ ಜೊತೆ ಅಜ್ಜಿಯೂ ಅಲ್ಲೇ ಠಿಕಾಣಿ ಹೂಡಿದ್ದಳು.

ಪಕ್ಕದ ಬೆಡ್ಡಿನಲ್ಲಿ ತೌಸೀಫ್ ಎಂಬ ಪುಟ್ಟ ಹುಡುಗ. ಅವನ ಅಮ್ಮ ಬಾಣಂತಿ, ಬರುವಂತಿರಲಿಲ್ಲ. ಪಾಪ, ಯಾರು ಕೊಟ್ಟರೂ ಅವನು ಬಾಯಿ ಬಿಡುತ್ತಿರಲಿಲ್ಲ...

ಅಜ್ಜಿ ಸುಮ್ಮನಿರುವಳೇ? ಮೆತ್ತಗೆ ಮೊಸರನ್ನ ಕಲಸಿ, ಮಕ್ಕಳನ್ನೆಲ್ಲ ಸುತ್ತ ಕೂರಿಸಿಕೊಂಡಳು. ಒಂದೇ ಬಟ್ಟಲು, ಒಂದೇ ಕೈ... ಇವಳಿಗೊಂದು ತುತ್ತು, ಅವನಿಗೊಂದು ತುತ್ತು. ತೌಸೀಫನೂ ಗುಬ್ಬಿಮರಿಯಂತೆ ಬಾಯಿ ತೆರೆದ!

ಸಿಸ್ಟರ್ ಲವೀನಾ ನೋಡಿ ಗದರಿದರು: "ಅಜ್ಜೀ, ಒಬ್ಬರ ಎಂಜಲು ಇನ್ನೊಬ್ಬರಿಗೆ ಹತ್ತಬಾರದ್ರಿ!"

"ಎಲ್ಲಾರಿಗೂ ಅದ ಜ್ವರ ಐತೆವ್ವಾ. ಬಂದದ್ದು ಮತ್ತೇನು ಬರತೈತಿ?" ಅಂದಳು ಅಜ್ಜಿ.

ಸಿಸ್ಟರ್ ಬೆನ್ನು ತಿರುಗಿಸಿದ್ದೇ ತಡ, ಬಟ್ಟಲು ಮತ್ತೆ ಹೊರಗೆ ಬಂತು. ಅಜ್ಜಿಯರ ಹಟ ನಿಮಗೇ ಗೊತ್ತಲ್ಲ...

ತೌಸೀಫ್ ಗುಣವಾದ. ನಾಳೆ ಮನೆಗೆ ಹೋಗಿ ಹೊಸ ತಂಗಿಯ ಮುಖ ನೋಡುತ್ತೇನೆಂದು ಬೆಡ್ಡಿನ ಮೇಲೇ ಕುಣಿದ.

ಬೆಳಗಾಗುವುದರಲ್ಲಿ ಮೈ ಕೆಂಡ... ಗಂಟಲು ಮತ್ತೆ ಬಾತಿತ್ತು.

ಸಿಸ್ಟರ್ ಈ ಸಲ ಗದರಲಿಲ್ಲ. ಅಜ್ಜಿಯ ಪಕ್ಕ ಕೂತು ಹೇಳಿದರು: "ಜ್ವರದ ಹೆಸರು ಒಂದ ಇರಬಹುದ್ರಿ ಅಜ್ಜಿ. ಆದ್ರ ಒಬ್ಬೊಬ್ಬರ ಗಂಟಲಾಗ ರೋಗಾಣು ಬ್ಯಾರೆ ಬ್ಯಾರೆ ಇರತಾವ. ಒಂದು ಆರಾಮಾತು ಅನ್ನೂದ್ರಾಗ ಇನ್ನೊಬ್ಬರದು ಹತ್ತತೈತಿ."

ಅಜ್ಜಿ ತನ್ನ ಕೈ ನೋಡಿಕೊಂಡಳು... ಗಳಗಳ ಅತ್ತುಬಿಟ್ಟಳು.

"ಕೂಸಿಗೆ ನಾನ ಜಡ್ಡು ತಿನ್ನಿಸಿದ್ನೇನವ್ವಾ!"

ಅಂದು ಅವಳು ಆ ಬೆಡ್ಡಿನ ಕಡೆ ಸುಳಿಯಲೇ ಇಲ್ಲ. ತೌಸೀಫನ ಊಟ ತಟ್ಟೆಯಲ್ಲೇ ಆರಿತು. ಕೊನೆಗೆ ಅವನೇ ಮೆಲ್ಲಗೆ ಕೇಳಿದ:

"ಅಜ್ಜೀ... ನನ್ನ ಮ್ಯಾಲ ಸಿಟ್ಟಾಗಿಯೇನ?"

ಅಜ್ಜಿ ಅವನತ್ತ ಎರಡು ಹೆಜ್ಜೆ ಇಟ್ಟು ನಿಂತಳು. ಅಸಹಾಯಕಳಾಗಿ ಸಿಸ್ಟರ್ ಮುಖ ನೋಡಿದಳು.

"ಉಣ್ಣಸಬ್ಯಾಡ ಅಂದಿಲ್ಲರಿ ಅಜ್ಜಿ. ಅವನ ಬಟ್ಟಲು ಅವನಿಗೆ. ಒಬ್ಬರದು ಮುಗದ ಮ್ಯಾಲ ಸಾಬೂನು ಹಚ್ಚಿ ಕೈ ತೊಳಕೊಂಡು ಇನ್ನೊಬ್ಬರ ಹತ್ರ ಹೋಗ್ರಿ," ಎಂದರು ಸಿಸ್ಟರ್.

ಅಂದಿನಿಂದ ವಾರ್ಡಿನಲ್ಲಿ ಊಟ ಮುಗಿಯಲು ಮಧ್ಯಾಹ್ನವಿಡೀ ಬೇಕಾಯಿತು! ಸಾಬೂನಿಗೆ ಅಂಗೈ ಬಿರಿದರೂ ಅಜ್ಜಿ ಗೊಣಗಲಿಲ್ಲ.

ತೌಸೀಫ್ ಚೇತರಿಸಿಕೊಂಡ. ಈ ಸಲ ಡಾಕ್ಟರು ಚೆನ್ನಾಗಿ ಪರೀಕ್ಷಿಸಿ, ಇನ್ನು ಭಯವಿಲ್ಲವೆಂದು ಕಳಿಸಿದರು. ಅವನ ಅಮ್ಮ ತಡೆಯಲಾರದೆ ಹಸುಗೂಸಿನ ಸಮೇತ ಗೇಟಿಗೇ ಬಂದಿದ್ದಳು.

ಅಜ್ಜಿ ಕೈಮುಗಿದಳು: "ನನ್ನಿಂದಾನ ನಿನ್ನ ಮಗ ಮತ್ತ ಮಲಗಿದ್ದವ್ವಾ..."

"ಸಿಸ್ಟರ್ ಎಲ್ಲಾ ಹೇಳ್ಯಾರ್ರೀ. ನಾ ಇಲ್ಲದಾಗ ನೀವ ಅವನಿಗೆ ತಾಯಿ ಆದ್ರಿ. ನನ್ನ ಮಗಳನ್ನೂ ಒಮ್ಮೆ ಎತ್ತಿಕೊಳ್ರಿ!" ಎಂದು ಆಕೆ ಕೂಸನ್ನು ಮುಂದೆ ಚಾಚಿದಳು.

ಅಜ್ಜಿಯ ಕೈಗಳು ತಾವಾಗಿಯೇ ಮುಂದೆ ಬಂದವು... ಥಟ್ಟನೆ ಹಿಂದೆ ಸರಿದವು.

"ಬ್ಯಾಡ ನಮ್ಮವ್ವಾ... ನಾ ಇನ್ನೂ ಮೊಮ್ಮಗಳ ಜೋಡಿ ಜ್ವರದ ವಾರ್ಡಿನಾಗ ಇರಾಕಿ."

ಗೇಟಿನ ಈಚೆಯೇ ನಿಂತು, ದೂರದಿಂದಲೇ ಕೂಸಿನ ದೃಷ್ಟಿ ತೆಗೆದು, ಕೈಗಳನ್ನು ಕಣತಲೆಗೆ ಒತ್ತಿ ಲಟಿಕೆ ಮುರಿದಳು. ಅಳುತ್ತಲೇ ನಗುತ್ತಿದ್ದಳು ನೀಲವ್ವಜ್ಜಿ...

ನಾವು ಪ್ರೀತಿಸುವವರ ಒಳಿತಿಗಾಗಿ ಚಾಚಿದ ಕೈ ಹಿಂದೆ ತೆಗೆದುಕೊಳ್ಳುವುದೂ ಪ್ರೀತಿಯೇ.

"ಮಗುವನ್ನು ಈಗ ಮುಟ್ಟಬೇಡಿ" ಎಂದವರ ಮೇಲೆ ನೀವೂ ಎಂದಾದರೂ ಮುನಿಸಿಕೊಂಡಿದ್ದೀರಾ?